ಐಡಿಯೊಳಗೆ ಗಡಿಯಾರ: ಯುಯುಐಡಿ 7 ಬಂತು, ಹಾಗಾದರೆ 4ರ ಕತೆ ಏನು?

2025ರ ಸೆಪ್ಟೆಂಬರ್ 25ರಂದು ಪೋಸ್ಟ್‌ಗ್ರೆಸ್ ಡೇಟಾಬೇಸಿನ 18ನೇ ಆವೃತ್ತಿ ಬಂತು. ಹೊಸ ಸೌಲಭ್ಯಗಳ ಪಟ್ಟಿ ಉದ್ದವೇ ಇತ್ತು. ಅದರಲ್ಲಿ ಒಂದು ಸಣ್ಣ ಫಂಕ್ಷನ್ ಕೂಡ ಇತ್ತು: ಯುಯುಐಡಿವಿ7. ಕೆಲಸ ಇಷ್ಟೇ, ಕರೆದಾಗ ಒಂದು ಹೊಸ ಐಡಿ ಹುಟ್ಟಿಸಿ ಕೊಡುವುದು. ಯುಯುಐಡಿ ಅಂದರೆ ಯಾವ ಕಂಪ್ಯೂಟರ್ ಬೇಕಾದರೂ ಯಾರನ್ನೂ ಕೇಳದೆ ಹುಟ್ಟಿಸಿಕೊಳ್ಳಬಹುದಾದ ಉದ್ದನೆಯ ಗುರುತು ಸಂಖ್ಯೆ. ವಿ4, ವಿ7 ಅನ್ನುವುದು ಅದರ ಬಗೆಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 3.14ನೇ ಆವೃತ್ತಿ ಕೂಡ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಪ್ರೋಗ್ರಾಮ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಡಾಟ್‌ನೆಟ್ 9ರಲ್ಲಿ 2024ರ ನವೆಂಬರಿನಿಂದಲೇ ಇದೆ.

ಅಲ್ಲಿಂದ ಗೊಂದಲ ಶುರು. "ಇನ್ನು ಮೇಲೆ ವಿ4 ಬಳಸಬೇಡಿ" ಅಂತ ಒಬ್ಬರು. "ವಿ7 ಬಳಸಿದರೆ ಮಾಹಿತಿ ಸೋರುತ್ತದೆ" ಅಂತ ಇನ್ನೊಬ್ಬರು. "ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ಳೋದು, 1, 2, 3 ಅಂತ ಎಣಿಸಿದರೆ ಆಗಲ್ವಾ" ಅಂತ ಮತ್ತೊಬ್ಬರು. ತಮಾಷೆ ಅಂದರೆ ಮೂವರ ಮಾತೂ ಒಂದೊಂದು ಜಾಗದಲ್ಲಿ ಸರಿ. ಯಾವ ಮಾತು ಯಾವ ಜಾಗದಲ್ಲಿ ಸರಿ ಅನ್ನುವುದಷ್ಟೇ ಪ್ರಶ್ನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಪಕ್ಕಕ್ಕಿಡೋಣ. ಇಲ್ಲಿ 4 ಮತ್ತು 7 ಮೊಬೈಲ್ ಮಾಡೆಲ್‌ಗಳ ಹಾಗೆ ಹಳೆಯದು, ಹೊಸದು ಅಲ್ಲ. ಇವು ಬಗೆಗಳು. ಇಡ್ಲಿ ಅಕ್ಕಿ, ಸೋನಾ ಮಸೂರಿ ಇದ್ದ ಹಾಗೆ. ವಿ7 ಬಂದಿದ್ದರಿಂದ ವಿ4 ರದ್ದಾಗಿಲ್ಲ.

ಸುಮ್ನೆ ಎಣಿಸಿದರೆ ಏನು ತೊಂದರೆ?

ಹೆಚ್ಚಿನ ಅಪ್ಲಿಕೇಶನ್‌ಗಳು ಶುರುವಾಗುವುದೇ ಎಣಿಕೆಯಿಂದ. ಮೊದಲ ಗ್ರಾಹಕ 1, ಎರಡನೆಯವರು 2. ಡೇಟಾಬೇಸೇ ಲೆಕ್ಕ ಇಟ್ಟುಕೊಳ್ಳುತ್ತದೆ. 8 ಬೈಟ್ ಸಾಕು, ಓದಲು ಸುಲಭ, ತಾನಾಗಿಯೇ ಸಾಲಾಗಿ ಬರುತ್ತದೆ. ಒಂದೇ ಡೇಟಾಬೇಸ್ ಇದ್ದು, ಆ ನಂಬರ್ ಹೊರಗಿನವರ ಕಣ್ಣಿಗೆ ಬೀಳದಿದ್ದರೆ ಇದಕ್ಕಿಂತ ಒಳ್ಳೆಯ ಐಡಿ ಬೇಕಿಲ್ಲ.

ತೊಡಕು ಬರುವುದು ಎಣಿಸುವವರು ಇಬ್ಬರಾದಾಗ. ಎರಡು ಸರ್ವರ್‌ಗಳು ಒಂದೇ ಹೊತ್ತಿಗೆ "ಮುಂದಿನದು 501" ಅಂದುಬಿಟ್ಟರೆ ಜಗಳ. ಫೋಟೋ ಹಂಚಿಕೊಳ್ಳುವ ಜಾಲತಾಣ ಫ್ಲಿಕರ್ ಇದಕ್ಕೆ ಸರಳ ಉಪಾಯ ಮಾಡಿತ್ತು. ಚೀಟಿ ಕೊಡುವುದಕ್ಕಂತಲೇ ಎರಡು ಸರ್ವರ್ ಇಟ್ಟು, ಒಂದಕ್ಕೆ ಬೆಸ ಸಂಖ್ಯೆ, ಇನ್ನೊಂದಕ್ಕೆ ಸಮ ಸಂಖ್ಯೆ ಹಂಚಿತು. ಆದರೂ ಪ್ರತಿ ಹೊಸ ಫೋಟೋಗೆ ಒಮ್ಮೆ ಆ ಸರ್ವರ್ ಹತ್ತಿರ ಹೋಗಿ ಬರಲೇಬೇಕು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಸರ್ವೆ ಮಾಡುವ ಮೊಬೈಲ್ ಆ್ಯಪ್ ಯಾರ ಹತ್ತಿರ ಹೋಗಿ ಚೀಟಿ ಕೇಳುತ್ತದೆ? ಅದು ತಾನೇ ಐಡಿ ಹುಟ್ಟಿಸಿಕೊಳ್ಳಬೇಕು. ಸಂಜೆ ಎಲ್ಲ ಮೊಬೈಲ್‌ಗಳ ಮಾಹಿತಿ ಒಂದೆಡೆ ಸೇರಿದಾಗ ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು.

ಇನ್ನೊಂದು ತೊಡಕು, ಎಣಿಕೆ ಬಾಯಿ ಬಿಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಅಂತ ಮಿತ್ರಪಕ್ಷದವರಿಗೆ ತಿಳಿಯಬೇಕಿತ್ತು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1550. ಸಂಖ್ಯಾಶಾಸ್ತ್ರಜ್ಞರು ಸಿಕ್ಕ ಟ್ಯಾಂಕ್‌ಗಳ ಬಿಡಿಭಾಗಗಳ ಮೇಲಿದ್ದ ಕ್ರಮಸಂಖ್ಯೆ ನೋಡಿ ಲೆಕ್ಕ ಹಾಕಿ 327 ಅಂದರು. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆ ತೆಗೆದು ನೋಡಿದರೆ 342. ನಿಮ್ಮ ಅಂಗಡಿಯ ಆರ್ಡರ್ ನಂಬರ್ ಸಾಲಾಗಿ ಬರುತ್ತಿದ್ದರೆ ಎದುರಂಗಡಿಯವರೂ ಇದೇ ಲೆಕ್ಕ ಹಾಕಬಹುದು. ಸೋಮವಾರ ಒಂದು ಆರ್ಡರ್, ಮುಂದಿನ ಸೋಮವಾರ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ವಾರದ ವ್ಯಾಪಾರ.

ಲಾಟರಿ ಎತ್ತುವ ವಿ4

ಇದಕ್ಕೆಲ್ಲ ಹಳೆಯ ಉತ್ತರ ಯುಯುಐಡಿ ವಿ4. ಒಟ್ಟು 128 ಬಿಟ್, ಅದರಲ್ಲಿ 6 ಬಿಟ್ ಬಗೆಯನ್ನು ಹೇಳಲು ಮೀಸಲು. ಉಳಿದ 122 ಬಿಟ್ ಪೂರ್ತಿ ಅದೃಷ್ಟ. ಯಾರನ್ನೂ ಕೇಳಬೇಕಿಲ್ಲ, ಯಾರ ಜೊತೆಗೂ ಹೊಂದಿಸಿಕೊಳ್ಳಬೇಕಿಲ್ಲ. ಡಿಕ್ಕಿಯ ಭಯವೂ ಇಲ್ಲ. ಸೆಕೆಂಡಿಗೆ 100 ಕೋಟಿಯಂತೆ ಸುಮಾರು 86 ವರ್ಷ ಹುಟ್ಟಿಸುತ್ತಾ ಹೋದರೆ ಎರಡು ಒಂದೇ ಬರುವ ಸಂಭವ ಅರ್ಧಕ್ಕೆ ಮುಟ್ಟುತ್ತದೆ. ನಮ್ಮ ನಿಮ್ಮ ಆ್ಯಪ್‌ಗೆ ಆ ಚಿಂತೆ ಬೇಡ.

ಹಾಗಾದರೆ ಎಲ್ಲವೂ ಸರಿ ಇದೆ ಅಲ್ವಾ? ಐಡಿ ಹುಟ್ಟುವ ಹೊತ್ತಿಗೆ ಸರಿ ಇದೆ. ತಾಪತ್ರಯ ಇರುವುದು ಅದನ್ನು ಡೇಟಾಬೇಸಿನಲ್ಲಿ ಜೋಡಿಸಿ ಇಡುವಲ್ಲಿ.

ರೆಕಾರ್ಡ್ ರೂಮಿನ ಗುಮಾಸ್ತನ ಪಾಡು

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪು ಮಾಡಿಕೊಳ್ಳಿ. ಕಡತಗಳು ನಂಬರ್ ಪ್ರಕಾರ ಕಪಾಟಿನ ಖಾನೆಗಳಲ್ಲಿವೆ. ಒಂದೊಂದು ಖಾನೆಗೆ ಇಷ್ಟೇ ಕಡತ ಅಂತ ಮಿತಿ. ಹೊಸ ಕಡತಗಳು ಸಾಲು ನಂಬರಿನಲ್ಲಿ ಬಂದರೆ ಗುಮಾಸ್ತನಿಗೆ ಆರಾಮು. ಕೊನೆಯ ಖಾನೆಯ ಕಟ್ಟನ್ನು ಮೇಜಿನ ಮೇಲೆ ಇಟ್ಟುಕೊಂಡು ಒಂದರ ಮೇಲೊಂದು ಸೇರಿಸುತ್ತಾನೆ. ತುಂಬಿತೋ, ಅದನ್ನು ಒಳಗಿಟ್ಟು ಹೊಸದೊಂದು ಶುರು.

ಈಗ ಕಡತಗಳಿಗೆ ಲಾಟರಿ ನಂಬರ್ ಅಂತ ಇಟ್ಟುಕೊಳ್ಳಿ. ಮೊದಲನೆಯದು 17ನೇ ಖಾನೆಗೆ, ಮುಂದಿನದು 904ಕ್ಕೆ, ಆಮೇಲಿನದು 233ಕ್ಕೆ. ಪ್ರತಿ ಕಡತಕ್ಕೂ ಎದ್ದು ಹೋಗಿ ಬೇರೆ ಕಟ್ಟು ತರಬೇಕು. ಖಾನೆ ಭರ್ತಿಯಾಗಿದ್ದರೆ ಹೊಸ ಖಾನೆ ಮಾಡಿ, ಅರ್ಧ ಕಡತಗಳನ್ನು ಅಲ್ಲಿಗೆ ಸಾಗಿಸಿ, ಆಮೇಲೆ ಹೊಸದನ್ನು ತುರುಕಬೇಕು. ಹೀಗೇ ವರ್ಷ ಕಳೆದರೆ ಕಪಾಟಿನ ಯಾವ ಖಾನೆಯೂ ಪೂರ್ತಿ ತುಂಬಿರುವುದಿಲ್ಲ, ಆದರೂ ರೂಮಿನಲ್ಲಿ ಜಾಗ ಇರುವುದಿಲ್ಲ.

ದಾಖಲೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ, ಅಂದರೆ ಇಂಡೆಕ್ಸ್, ಕೆಲಸ ಮಾಡುವುದು ಹೀಗೆಯೇ. ಅದರ ಹೆಸರು ಬಿ-ಟ್ರೀ, ಖಾನೆಯ ಹೆಸರು ಪೇಜ್. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪೇಜ್ 8 ಕೆಬಿ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಿ, ಅದರ ಇನ್ನೋಡಿಬಿ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ, 16 ಕೆಬಿ. ಲಾಟರಿ ನಂಬರ್‌ಗಳನ್ನು ತುಂಬುತ್ತಾ ಹೋದರೆ ಪೇಜ್‌ಗಳು ಸರಾಸರಿ ಶೇ 69ರಷ್ಟು ಮಾತ್ರ ತುಂಬಿರುತ್ತವೆ ಅನ್ನುವುದು ಹಳೆಯ ಗಣಿತ. ಸಾಲಾಗಿ ಬಂದರೆ ಪೋಸ್ಟ್‌ಗ್ರೆಸ್ ಶೇ 90ರವರೆಗೆ ತುಂಬಿಸಿ ಮುಂದೆ ಹೋಗುತ್ತದೆ. 10 ಕೋಟಿ ಸಾಲು, ಅಂದರೆ ದಾಖಲೆ, ಇರುವ ಟೇಬಲ್‌ನಲ್ಲಿ ಯುಯುಐಡಿ ಇಂಡೆಕ್ಸಿನ ಗಾತ್ರ ಲೆಕ್ಕ ಹಾಕಿದರೆ, ಸಾಲಾಗಿ ಬಂದದ್ದು ಸುಮಾರು 3 ಜಿಬಿ, ಲಾಟರಿಯದ್ದು ಸುಮಾರು 4 ಜಿಬಿ.

ಒಂದು ಜಿಬಿ ಯಾವ ಮಹಾ ಅನ್ನಬಹುದು. ನಿಜ, ಡಿಸ್ಕಿನ ಜಾಗ ಇಲ್ಲಿ ದೊಡ್ಡ ವಿಷಯವೇ ಅಲ್ಲ. ಮೇಜಿನ ಮೇಲೆ ಏನಿರಬೇಕು ಅನ್ನುವುದು ವಿಷಯ. ಸಾಲು ಐಡಿ ಆದರೆ ಹೊಸದು ಸೇರಿಸಲು ಮೆಮೊರಿಯಲ್ಲಿ ಇಂಡೆಕ್ಸಿನ ಕೊನೆಯ ಒಂದೆರಡು ಪೇಜ್ ಇದ್ದರೆ ಸಾಕು. ಲಾಟರಿ ಐಡಿ ಆದರೆ ಆ 4 ಜಿಬಿಯಲ್ಲಿ ಯಾವ ಪೇಜ್ ಯಾವಾಗ ಬೇಕಾಗುತ್ತದೋ ಗೊತ್ತಿಲ್ಲ. ಎಲ್ಲವೂ ಮೆಮೊರಿಯಲ್ಲಿ ಹಿಡಿಸಿದರೆ ಬಚಾವ್. ಹಿಡಿಸದಿದ್ದರೆ ಪ್ರತಿ ಸೇರ್ಪಡೆಗೂ ಡಿಸ್ಕಿಗೆ ಓಡಬೇಕು. ಹಾಗಾಗಿಯೇ ಈ ತೊಂದರೆ ಮೊದಲ ವರ್ಷ ಕಾಣಿಸುವುದಿಲ್ಲ. ಟೇಬಲ್ ಮೆಮೊರಿಗಿಂತ ದೊಡ್ಡದಾದ ದಿನ ಇದ್ದಕ್ಕಿದ್ದಂತೆ ಎಲ್ಲ ನಿಧಾನ ಆಗುತ್ತದೆ. ಕೋಡ್ ಬದಲಾಗಿರುವುದಿಲ್ಲ, ಸರ್ವರ್ ಬದಲಾಗಿರುವುದಿಲ್ಲ. ತಂಡದವರು ತಪ್ಪನ್ನು ಬೇರೆಲ್ಲೋ ಹುಡುಕುತ್ತಿರುತ್ತಾರೆ.

ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ಖರ್ಚಿದೆ. ಕರೆಂಟ್ ಹೋದರೂ ಮಾಹಿತಿ ಕೆಡಬಾರದು ಅಂತ ಅದು ಆಗಾಗ ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುತ್ತದೆ, ಇದಕ್ಕೆ ಚೆಕ್‌ಪಾಯಿಂಟ್ ಅನ್ನುತ್ತಾರೆ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ 5 ನಿಮಿಷಕ್ಕೊಮ್ಮೆ. ಪ್ರತಿ ಚೆಕ್‌ಪಾಯಿಂಟ್ ಆದ ಮೇಲೆ ಒಂದು ಪೇಜನ್ನು ಮೊದಲ ಸಲ ಮುಟ್ಟಿದಾಗ, ಇಡೀ 8 ಕೆಬಿಯ ಪ್ರತಿಯನ್ನು ಲಾಗ್‌ನಲ್ಲಿ, ಅಂದರೆ ಬದಲಾವಣೆಗಳ ದಿನಚರಿಯಲ್ಲಿ, ಬರೆದಿಡುತ್ತದೆ. ಗುಮಾಸ್ತ ಕಟ್ಟು ಬಿಚ್ಚುವ ಮೊದಲು ಪೂರ್ತಿ ಕಟ್ಟನ್ನು ಜೆರಾಕ್ಸ್ ಮಾಡಿಸಿದ ಹಾಗೆ. ಒಂದೇ ಕಟ್ಟಿಗೆ ಸಾವಿರ ಕಡತ ಸೇರಿಸಿದರೆ ಒಂದೇ ಜೆರಾಕ್ಸ್. ಸಾವಿರ ಕಡತ ಸಾವಿರ ಕಟ್ಟಿಗೆ ಹೋದರೆ ಸಾವಿರ ಜೆರಾಕ್ಸ್. 16 ಬೈಟಿನ ಐಡಿಗೆ 8192 ಬೈಟ್ ಬರೆಯುವ ಕೆಲಸ.

ಮೈಎಸ್‌ಕ್ಯೂಎಲ್‌ನಲ್ಲಿ ಪೆಟ್ಟು ಇನ್ನೂ ಜಾಸ್ತಿ. ಅಲ್ಲಿ ಇಂಡೆಕ್ಸ್ ಮಾತ್ರವಲ್ಲ, ಇಡೀ ಸಾಲನ್ನೇ ಪ್ರೈಮರಿ ಕೀಯ, ಅಂದರೆ ಆ ದಾಖಲೆಯ ಮುಖ್ಯ ಐಡಿಯ, ಕ್ರಮದಲ್ಲಿ ಇಡಲಾಗುತ್ತದೆ. ಮೇಲಾಗಿ ಬೇರೆ ಎಲ್ಲ ಇಂಡೆಕ್ಸ್‌ಗಳೂ ಪ್ರೈಮರಿ ಕೀಯ ಒಂದೊಂದು ಪ್ರತಿ ಹೊತ್ತುಕೊಂಡಿರುತ್ತವೆ. ಐಡಿಯನ್ನು 16 ಬೈಟಿನ ಬದಲು 36 ಅಕ್ಷರದ ಪಠ್ಯವಾಗಿ ಇಟ್ಟಿದ್ದರಂತೂ ಹೇಳುವುದೇ ಬೇಡ.

ಹದಿನಾರು ಕಡೆ ಮಾಡಿದ ಒಂದೇ ಉಪಾಯ

ಪರಿಹಾರ ಹೊಳೆಯುವುದು ಕಷ್ಟವಲ್ಲ. ಐಡಿಯ ಮುಂದೆ ಹೊತ್ತು ಬರೆದು, ಹಿಂದೆ ಲಾಟರಿ ಇಡುವುದು. ಆಗ ಹೊಸದು ಯಾವಾಗಲೂ ಕೊನೆಗೆ ಹೋಗುತ್ತದೆ, ಡಿಕ್ಕಿಯೂ ಆಗುವುದಿಲ್ಲ.

ಯುಯುಐಡಿಯ ಮೊದಲ ಬಗೆಯಾದ ವಿ1ರಲ್ಲೇ ಹೊತ್ತು ಇತ್ತು. 1582ರ ಅಕ್ಟೋಬರ್ 15ರಿಂದ ಲೆಕ್ಕ, ಅಂದರೆ ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದ ದಿನದಿಂದ. ಆದರೆ ಅದನ್ನು ಬರೆದಿದ್ದು ತಲೆಕೆಳಗಾಗಿ. ಕಂಪ್ಯೂಟರಿನಲ್ಲಿ ಫೈಲ್ ಹೆಸರಿಗೆ 15-08-2025 ಅಂತ ದಿನ ಮೊದಲು ಬರೆದರೆ ಸಾಲು ಕೆಡುತ್ತದೆ, 2025-08-15 ಅಂತ ಬರೆದರೆ ಸರಿಯಾಗಿ ಕೂರುತ್ತದೆ, ಗಮನಿಸಿರಬಹುದು. ವಿ1 ಮಾಡಿದ್ದು ದಿನ ಮೊದಲು ಬರೆದಂಥ ತಪ್ಪು. ಬೇಗ ಬದಲಾಗುವ ಭಾಗ ಮುಂದೆ, ನಿಧಾನವಾಗಿ ಬದಲಾಗುವುದು ಹಿಂದೆ. ಜೊತೆಗೆ ಅದರಲ್ಲಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ವಿಳಾಸವೂ ಇರುತ್ತಿತ್ತು. 1999ರಲ್ಲಿ ಮೆಲಿಸ್ಸಾ ವೈರಸ್ ಬರೆದವನ ಜಾಡು ಹಿಡಿಯಲು ವರ್ಡ್ ಫೈಲಿನಲ್ಲಿದ್ದ ಇಂಥದ್ದೇ ಗುರುತು ನೆರವಾಯಿತು.

2010ರಲ್ಲಿ ಟ್ವಿಟರ್ ಸ್ನೋಫ್ಲೇಕ್ ಅನ್ನುವ ಪದ್ಧತಿ ತಂದಿತು. ಅದರಲ್ಲಿ 41 ಬಿಟ್ ಹೊತ್ತು, 10 ಬಿಟ್ ಯಂತ್ರದ ನಂಬರ್, 12 ಬಿಟ್ ಎಣಿಕೆ. 1024 ಯಂತ್ರಗಳು, ಪ್ರತಿಯೊಂದೂ ಮಿಲಿಸೆಕೆಂಡಿಗೆ 4096 ಐಡಿ. ಎಲ್ಲ ಸೇರಿ 64 ಬಿಟ್ ಒಳಗೆ. ಬಹಳ ಅಚ್ಚುಕಟ್ಟು. ಆದರೆ ಯಂತ್ರಗಳಿಗೆ ನಂಬರ್ ಹಂಚುವ ಕೆಲಸ ಯಾರಾದರೂ ಮಾಡಬೇಕು. ಇನ್ನೊಂದು ಎಡವಟ್ಟು ಬ್ರೌಸರಿನದು. ಜಾವಾಸ್ಕ್ರಿಪ್ಟ್ 53 ಬಿಟ್‌ಗಿಂತ ದೊಡ್ಡ ಸಂಖ್ಯೆಯನ್ನು ನಿಖರವಾಗಿ ಹಿಡಿಯುವುದಿಲ್ಲ. ಐಡಿಯ ಕೊನೆಯ ಅಂಕಿಗಳು ತಾವಾಗಿ ಬದಲಾಗಿಬಿಡುತ್ತವೆ. ಹಾಗಾಗಿ ಟ್ವಿಟರ್ ಅದೇ ಐಡಿಯನ್ನು ಪಠ್ಯವಾಗಿಯೂ ಕಳಿಸಬೇಕಾಯಿತು.

ಆಮೇಲೆ ಇನ್‌ಸ್ಟಾಗ್ರಾಂ ತನ್ನದೊಂದು ಮಾಡಿಕೊಂಡಿತು, ಸೆಗ್ಮೆಂಟ್ ಕಂಪನಿ ಕೆಎಸ್‌ಯುಐಡಿ ತಂದಿತು, 2016ರಲ್ಲಿ ಯುಎಲ್‌ಐಡಿ ಬಂತು. ಮಾಂಗೋಡಿಬಿ ಡೇಟಾಬೇಸಿನ ಐಡಿಯ ಮೊದಲ 4 ಬೈಟ್ ಕೂಡ ಹೊತ್ತೇ. ಇಂಥ 16 ಪದ್ಧತಿಗಳನ್ನು ಪರಿಶೀಲಿಸಿ, 2024ರ ಮೇ ತಿಂಗಳಲ್ಲಿ ಇಂಟರ್ನೆಟ್ ಮಾನದಂಡಗಳ ಸಂಸ್ಥೆ ಐಇಟಿಎಫ್ ಆರ್‌ಎಫ್‌ಸಿ 9562 ಅನ್ನುವ ಮಾನದಂಡ ಪ್ರಕಟಿಸಿತು. ವಿ7 ಅಧಿಕೃತವಾಗಿದ್ದು ಅದರಲ್ಲಿ. ಅಂದರೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಮಾಡುತ್ತಿದ್ದ ಅಡುಗೆಗೆ ಕೊನೆಗೊಂದು ಹೆಸರು ಸಿಕ್ಕಿತು.

ಒಂದು ಐಡಿಯನ್ನು ಬಿಚ್ಚಿ ನೋಡೋಣ

ಆರ್‌ಎಫ್‌ಸಿ 9562ರಲ್ಲೇ ವಿ7ಕ್ಕೆ ಒಂದು ಉದಾಹರಣೆ ಇದೆ. ಅದರ ಮೊದಲ 12 ಅಕ್ಷರಗಳು 017ಎಫ್22ಇ2-79ಬಿ0. ಇದು 16ರ ಮೂಲದ ಸಂಖ್ಯೆ, 9 ಆದ ಮೇಲೆ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಇಲ್ಲಿ ಅಂಕಿಗಳೇ. ನಮ್ಮ ಹತ್ತರ ಎಣಿಕೆಗೆ ತಂದರೆ 1645557742000. 1970ರ ಜನವರಿ 1ರಿಂದ ಇಷ್ಟು ಮಿಲಿಸೆಕೆಂಡ್ ಅಂತ ಅರ್ಥ. ಅಮೆರಿಕದ ಪೂರ್ವ ಕರಾವಳಿಯ ಹೊತ್ತಿಗೆ ಲೆಕ್ಕ ಹಾಕಿದರೆ 2022ರ ಫೆಬ್ರವರಿ 22, ಮಧ್ಯಾಹ್ನ 2 ಗಂಟೆ 22 ನಿಮಿಷ 22 ಸೆಕೆಂಡ್. ಬರೆದವರು ಎರಡುಗಳನ್ನೆಲ್ಲ ಸೇರಿಸಿ ಸಣ್ಣದೊಂದು ಚೇಷ್ಟೆ ಮಾಡಿದ್ದಾರೆ. ನಮ್ಮಲ್ಲಿ ಆಗ ದಿನ ಬದಲಾಗಿ 23ರ ರಾತ್ರಿ 12 ಗಂಟೆ 52 ನಿಮಿಷ.

ಮೊದಲ 48 ಬಿಟ್ ಹೀಗೆ ಹೊತ್ತು. ಆಮೇಲೆ ಬರುವ 13ನೇ ಅಕ್ಷರ ಬಗೆ ಹೇಳುತ್ತದೆ. ನಿಮ್ಮ ಕೈಲಿರುವ ಯಾವುದೇ ಯುಯುಐಡಿಯ ಮೂರನೇ ಗುಂಪಿನ ಮೊದಲ ಅಕ್ಷರ ನೋಡಿ. 4 ಇದ್ದರೆ ಲಾಟರಿ, 7 ಇದ್ದರೆ ಗಡಿಯಾರ. ಉಳಿದದ್ದರಲ್ಲಿ 74 ಬಿಟ್ ಲಾಟರಿಗೆ ಸಿಗುತ್ತವೆ. 122ರಿಂದ 74ಕ್ಕೆ ಇಳಿಯಿತಲ್ಲ ಅಂತ ಗಾಬರಿ ಬೇಡ. ಒಂದೇ ಮಿಲಿಸೆಕೆಂಡಿನೊಳಗೆ ಸುಮಾರು 16,000 ಕೋಟಿ ಐಡಿ ಹುಟ್ಟಿಸಿದರೆ ಮಾತ್ರ ಡಿಕ್ಕಿಯ ಸಂಭವ ಅರ್ಧಕ್ಕೆ ಬರುತ್ತದೆ.

ಇಂಥ ಐಡಿ ನಿಮ್ಮ ಮೊಬೈಲ್‌ನಲ್ಲೂ ಇರಬಹುದು. ಯುಪಿಐ ಪಾವತಿ ಆದ ಮೇಲೆ ಬರುವ 12 ಅಂಕಿಯ ರೆಫರೆನ್ಸ್ ನಂಬರ್ ನೋಡಿ. ಸಾಮಾನ್ಯವಾಗಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನುವುದು. 2024ರ ಜನವರಿ 14ರಂದು ಹಣ ಕಳಿಸಿದ್ದರೆ 4014 ಅಂತ ಶುರು. ಕಾರ್ಡ್ ವಹಿವಾಟಿನ ಕಾಲದ ಹಳೆಯ ರೂಢಿ ಇದು.

ಒಪ್ಪದವರ ವಾದ

ವಿ7 ವಿರುದ್ಧ ಎರಡು ಗಟ್ಟಿ ವಾದಗಳಿವೆ. ಒಂದು, "ನಮ್ಮ ಟೇಬಲ್ ಅಷ್ಟು ದೊಡ್ಡದಿಲ್ಲ." ಇದು ಪೂರ್ತಿ ಸರಿ. ಕೆಲವು ಲಕ್ಷ ಸಾಲುಗಳ ಇಂಡೆಕ್ಸ್ ಯಾವ ಸರ್ವರಿನ ಮೆಮೊರಿಯಲ್ಲೂ ಹಿಡಿಸುತ್ತದೆ. ಅಲ್ಲಿ ವಿ4, ವಿ7 ನಡುವಿನ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಎರಡನೆಯದು ತಲೆ ಕೆರೆದುಕೊಳ್ಳುವಂಥದ್ದು. ಕೆಲವು ಡೇಟಾಬೇಸ್‌ಗಳಲ್ಲಿ ಸಾಲು ಐಡಿಯೇ ವಿಷ. ಗೂಗಲ್‌ನ ಸ್ಪ್ಯಾನರ್ ನೋಡಿ. ಅದು ಒಂದು ಟೇಬಲ್ಲನ್ನು ಕೀಯ ಕ್ರಮದಲ್ಲಿ ತುಂಡು ಮಾಡಿ ಹಲವು ಯಂತ್ರಗಳಿಗೆ ಹಂಚುತ್ತದೆ. ಹೊಸ ಸಾಲೆಲ್ಲ ಕೊನೆಗೇ ಬಂದರೆ ಕೊನೆಯ ತುಂಡು ಇರುವ ಒಂದೇ ಯಂತ್ರದ ಮೇಲೆ ಎಲ್ಲ ಹೊರೆ. ಉಳಿದವು ಕೈ ಕಟ್ಟಿ ಕೂತಿರುತ್ತವೆ. ಹತ್ತು ಟಿಕೆಟ್ ಕೌಂಟರ್ ತೆರೆದು ಜನರನ್ನೆಲ್ಲ ಹತ್ತನೆಯದಕ್ಕೇ ಕಳಿಸಿದ ಹಾಗೆ. ಅದಕ್ಕೇ ಸ್ಪ್ಯಾನರ್‌ನ ಕೈಪಿಡಿ ಏರುತ್ತಾ ಹೋಗುವ ಕೀ ಬೇಡ, ವಿ4 ಬಳಸಿ ಅನ್ನುತ್ತದೆ. ಒಂದೇ ಯಂತ್ರದಲ್ಲೂ ಇದರ ಸಣ್ಣ ರೂಪ ಕಾಣುತ್ತದೆ. ನೂರಾರು ಕನೆಕ್ಷನ್‌ಗಳು ಏಕಕಾಲಕ್ಕೆ ಕೊನೆಯ ಪೇಜಿಗಾಗಿ ಕಿತ್ತಾಡಿದರೆ ಸಾಲು ಕಟ್ಟುತ್ತದೆ. ಮೈಕ್ರೋಸಾಫ್ಟಿನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನ 2019ರ ಆವೃತ್ತಿಯಲ್ಲಿ ಇದಕ್ಕಂತಲೇ ಒಂದು ಆಯ್ಕೆ ಸೇರಿಸಿದ್ದಾರೆ.

ಎಸ್‌ಕ್ಯೂಎಲ್ ಸರ್ವರ್ ಬಗ್ಗೆ ಇನ್ನೊಂದು ಮಾತು. ಅದು ಯುಯುಐಡಿಗಳನ್ನು ಜೋಡಿಸುವಾಗ ಮೊದಲು ನೋಡುವುದು ಕೊನೆಯ 6 ಬೈಟ್. ವಿ7ರಲ್ಲಿ ಗಡಿಯಾರ ಇರುವುದು ಮುಂದೆ, ಕೊನೆಯಲ್ಲಿರುವುದು ಲಾಟರಿ. ಹಾಗಾಗಿ ಅಲ್ಲಿ ವಿ7 ಹಾಕಿದರೂ ಸಾಲಾಗಿ ಕೂರುವುದಿಲ್ಲ. ಡಾಟ್‌ನೆಟ್‌ನಲ್ಲಿ ವಿ7 ಬಂತೆಂದು ಖುಷಿಯಲ್ಲಿ ಬದಲಿಸಿದವರು ಇದನ್ನು ನೋಡಿಕೊಳ್ಳಬೇಕು.

ಹಾಗಾಗಿ ಪ್ರಶ್ನೆ "ಯಾವುದು ಒಳ್ಳೆಯದು" ಅಂತಲ್ಲ, "ನಿಮ್ಮ ಡೇಟಾಬೇಸ್ ಹೇಗೆ ಜೋಡಿಸುತ್ತದೆ" ಅಂತ. ಒಂದೇ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್, ದೊಡ್ಡದಾಗುತ್ತಿರುವ ಟೇಬಲ್, ಐಡಿ ಹಲವು ಕಡೆ ಹುಟ್ಟಬೇಕು ಅಂದರೆ ವಿ7 ಸರಿಯಾದ ಆಯ್ಕೆ.

ಹೇಳಬಾರದ್ದನ್ನು ಹೇಳುವ ಐಡಿ

ಮೇಲೆ ಒಂದು ಐಡಿಯನ್ನು ಬಿಚ್ಚಿ ಹೊತ್ತು ಓದಿದೆವಲ್ಲ, ಅದನ್ನು ಯಾರು ಬೇಕಾದರೂ ಮಾಡಬಹುದು. ಪಾಸ್‌ವರ್ಡ್ ಬೇಕಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಂತೂ ಹೊತ್ತು ತೆಗೆದುಕೊಡುವ ಫಂಕ್ಷನ್ ಕೂಡ ಇದೆ. ವಿ7 ಇರುವ ಲಿಂಕ್ ಕಳಿಸಿದರೆ, ಆ ದಾಖಲೆ ಯಾವ ದಿನ ಯಾವ ಕ್ಷಣ ಹುಟ್ಟಿತು ಅನ್ನುವುದನ್ನೂ ಕಳಿಸಿದ ಹಾಗೆ.

ಎಷ್ಟೋ ಕಡೆ ಇದರಿಂದ ನಷ್ಟವಿಲ್ಲ. ಬಿಲ್ಲಿನ ಮೇಲೆ ಹೇಗೂ ಹೊತ್ತು ಇರುತ್ತದೆ. ಆದರೆ ಆಸ್ಪತ್ರೆಯ ರೋಗಿಯ ಐಡಿ? ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟ ಪಟ್ಟಿಯಲ್ಲಿ ಐಡಿ ಹಾಗೇ ಉಳಿದರೆ, ಆ ವ್ಯಕ್ತಿ ಯಾವ ಮಿಲಿಸೆಕೆಂಡಿನಲ್ಲಿ ನೋಂದಣಿ ಮಾಡಿಸಿದರು ಅಂತ ತಿಳಿಯುತ್ತದೆ. ಅದೇ ಹೊತ್ತಿನ ಇನ್ನೊಂದು ದಾಖಲೆ ಸಿಕ್ಕರೆ ಹೆಸರೂ ಸಿಕ್ಕಂತೆ. ಅನಾಮಧೇಯವಾಗಿ ದೂರು ಕೊಡುವ ವ್ಯವಸ್ಥೆಯಲ್ಲೂ ಹೀಗೇ. ಭದ್ರತೆಗೆ ಸಂಬಂಧಿಸಿದ ಯಾವುದೇ ಕೆಲಸಕ್ಕೆ ವಿ4 ಬಳಸಿ ಅಂತ ಆರ್‌ಎಫ್‌ಸಿ 9562 ತಾನೇ ಹೇಳುತ್ತದೆ.

ಬೇಕಂತಲೇ ಏನೂ ಹೇಳದ ಐಡಿಗೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಆಧಾರ್. ಆ 12 ಅಂಕಿಗಳಲ್ಲಿ ಹುಟ್ಟಿದ ದಿನವಿಲ್ಲ, ಊರಿಲ್ಲ, ಕ್ರಮವಿಲ್ಲ. ಕೊನೆಯ ಅಂಕಿ ಮಾತ್ರ ಬರೆಯುವಾಗ ಆದ ತಪ್ಪು ಹಿಡಿಯುವುದಕ್ಕೆ. ನೋಂದಣಿ ಕೇಂದ್ರದಲ್ಲಿ ಒಂದೇ ದಿನ ಸಾಲಾಗಿ ನಿಂತ ಗಂಡ ಹೆಂಡತಿಯ ನಂಬರ್‌ಗಳಿಗೂ ಒಂದಕ್ಕೊಂದು ಸಂಬಂಧ ಇರುವುದಿಲ್ಲ.

ಹಾಗಂತ ವಿ4 ಅಂದರೆ ಬೀಗವೂ ಅಲ್ಲ. ಐಡಿ ಊಹಿಸುವುದು ಕಷ್ಟ ಅಂತ ಅನುಮತಿ ಪರೀಕ್ಷೆಯನ್ನೇ ಬಿಟ್ಟರೆ, ಲಿಂಕ್ ಸೋರಿದ ದಿನ ಬಾಗಿಲು ತೆರೆದಂತೆಯೇ. 2005ರ ಹಳೆಯ ಆರ್‌ಎಫ್‌ಸಿ 4122ರಲ್ಲೂ ಈ ಎಚ್ಚರಿಕೆ ಇತ್ತು.

ಸಾಲಾಗಿ ಕೂರುವುದು ಬೇರೆ, ನಡೆದ ಕ್ರಮ ಬೇರೆ

ವಿ7 ಬಂದ ಮೇಲೆ "ಇನ್ನು ಕಾಲದ ಕಾಲಂ ಬೇಡ, ಐಡಿ ನೋಡಿಯೇ ಯಾವುದು ಮೊದಲು ಅಂತ ಹೇಳಬಹುದು" ಅನ್ನುವ ಮಾತೂ ಕೇಳಿ ಬರುತ್ತಿದೆ. ಇದು ಅಪಾಯದ ಮಾತು. ಐಡಿಯಲ್ಲಿರುವುದು ಅದನ್ನು ಹುಟ್ಟಿಸಿದ ಯಂತ್ರದ ಗಡಿಯಾರ. ಎರಡು ಯಂತ್ರಗಳ ಗಡಿಯಾರ ಕೆಲವು ಮಿಲಿಸೆಕೆಂಡ್ ಹೆಚ್ಚು ಕಮ್ಮಿ ಇರುವುದು ಮಾಮೂಲು. ಮೊದಲು ಬಂದ ಆರ್ಡರಿಗೆ ದೊಡ್ಡ ಐಡಿ, ಆಮೇಲೆ ಬಂದದ್ದಕ್ಕೆ ಸಣ್ಣದು ಸಿಗಬಹುದು. ಒಂದೇ ಮಿಲಿಸೆಕೆಂಡಿನೊಳಗೆ ಹುಟ್ಟಿದವುಗಳ ಕ್ರಮಕ್ಕೂ ಮಾನದಂಡದಲ್ಲಿ ಖಾತ್ರಿಯಿಲ್ಲ. ಪೋಸ್ಟ್‌ಗ್ರೆಸ್ 18 ಲಾಟರಿಯ 12 ಬಿಟ್ ತೆಗೆದುಕೊಂಡು ಮಿಲಿಸೆಕೆಂಡಿಗಿಂತ ಸೂಕ್ಷ್ಮವಾದ ಹೊತ್ತು ತುಂಬುತ್ತದೆ. ಆದರೆ ಆ ಖಾತ್ರಿ ಒಂದೇ ಕನೆಕ್ಷನ್ನಿನ ಒಳಗೆ ಮಾತ್ರ.

ಗಡಿಯಾರ ಹಿಂದೆ ಹೋಗುವುದೂ ಉಂಟು. 2017ರ ಜನವರಿ 1ರಂದು ಭಾರತದ ಸಮಯಕ್ಕೆ ಬೆಳಗ್ಗೆ 5:29:59 ಆದ ಮೇಲೆ ಒಂದು ಹೆಚ್ಚುವರಿ ಸೆಕೆಂಡ್ ಬಂತು, ಆಮೇಲೆ 5:30. ಭೂಮಿಯ ತಿರುಗುವಿಕೆಗೆ ಹೊಂದಿಸಲು ಮಾಡುವ ಲೀಪ್ ಸೆಕೆಂಡ್ ಅದು. 1970ರಿಂದ ಎಣಿಸುವ ಕಂಪ್ಯೂಟರಿನ ಯುನಿಕ್ಸ್ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲದ್ದರಿಂದ ಒಂದು ಸೆಕೆಂಡ್ ಎರಡು ಸಲ ಬರುತ್ತದೆ. ಟ್ವಿಟರ್‌ನ ಸ್ನೋಫ್ಲೇಕ್ ಗಡಿಯಾರ ಹಿಂದೆ ಸರಿದರೆ ಐಡಿ ಕೊಡುವುದನ್ನೇ ನಿಲ್ಲಿಸುತ್ತಿತ್ತು. ಲೀಪ್ ಸೆಕೆಂಡನ್ನು 2035ರೊಳಗೆ ಕೈಬಿಡಲು 2022ರಲ್ಲಿ ತೀರ್ಮಾನವಾಗಿದೆ. ಆದರೆ ತಪ್ಪಾಗಿ ಹೊಂದಿಸಿದ ಸರ್ವರ್ ಗಡಿಯಾರಗಳಿಗೆ ಅಂಥ ಕೊನೆಯ ದಿನಾಂಕ ಇಲ್ಲ.

ಕಾನೂನು ಕ್ರಮ ಕೇಳುವ ಜಾಗವೂ ಇದೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರ್ 16 ಅಕ್ಷರ ಮೀರಬಾರದು, ಒಂದರ ನಂತರ ಒಂದು ಬರಬೇಕು, ಆ ಹಣಕಾಸು ವರ್ಷದಲ್ಲಿ ಒಂದೇ ಇರಬೇಕು. 36 ಅಕ್ಷರದ ಯುಯುಐಡಿ ಇಲ್ಲಿ ಯಾವ ಬಗೆಯದ್ದಾದರೂ ನಡೆಯುವುದಿಲ್ಲ. ಎಣಿಕೆಯೇ ಬೇಕು.

ಬದಲಿಸಿದವರ ಎದುರು ಬರುವ ಸಣ್ಣ ಪುಟ್ಟ ತಲೆನೋವು

ಹೊಸ ಟೇಬಲ್‌ಗೆ ವಿ7 ಹಾಕುವುದು ಸುಲಭ. ಈಗಾಗಲೇ ಕೋಟಿಗಟ್ಟಲೆ ವಿ4 ಇರುವ ಟೇಬಲ್‌ನಲ್ಲಿ ಇವತ್ತಿನಿಂದ ವಿ7 ಶುರು ಮಾಡಿದರೆ ಒಂದು ವಿಚಿತ್ರ ಕಾಣುತ್ತದೆ. 2039ರವರೆಗೆ ಹುಟ್ಟುವ ವಿ7 ಐಡಿಗಳೆಲ್ಲ 01ರಿಂದಲೇ ಶುರುವಾಗುತ್ತವೆ. ವಿ4 ಐಡಿಗಳು 00ರಿಂದ ಎಫ್‌ಎಫ್‌ವರೆಗೆ ಸಮನಾಗಿ ಹರಡಿರುತ್ತವೆ. ಅಂದರೆ ಹೊಸ ಸಾಲುಗಳು ಶೇ 99ರಷ್ಟು ಹಳೆಯ ಸಾಲುಗಳಿಗಿಂತ ಮುಂದೆ ಹೋಗಿ ಕೂರುತ್ತವೆ. ಒಂದೇ ಜಾಗದಲ್ಲಿ ಒತ್ತಾಗಿ ಕೂರುವುದರಿಂದ ಡೇಟಾಬೇಸಿಗೆ ಲಾಭವೇನೋ ಸಿಗುತ್ತದೆ. ಆದರೆ "ಐಡಿ ಪ್ರಕಾರ ಹೊಸದು ಮೊದಲು" ಅಂತ ಕೇಳಿದರೆ ಪರದೆ ತುಂಬ ಹಳೆಯ ದಾಖಲೆಗಳು. ಹಳೆಯ ಐಡಿಗಳನ್ನೆಲ್ಲ ಬದಲಿಸಿಬಿಡೋಣ ಅನ್ನುವುದು ಇನ್ನೂ ದೊಡ್ಡ ಕೆಲಸ. ಅವು ಬೇರೆ ಟೇಬಲ್‌ಗಳಲ್ಲಿ, ಗ್ರಾಹಕರ ಇಮೇಲ್‌ಗಳಲ್ಲಿ, ಪಾಲುದಾರರ ವ್ಯವಸ್ಥೆಗಳಲ್ಲಿ ಕೂತಿರುತ್ತವೆ. ಇದ್ದದ್ದನ್ನು ಇದ್ದ ಹಾಗೇ ಬಿಟ್ಟು, ಕ್ರಮಕ್ಕೆ ಬೇರೆ ಕಾಲಂ ಇಡುವುದು ವಾಸಿ.

ಪರೀಕ್ಷೆ ಮಾಡುವ ಕೋಡ್ ಕೂಡ ತಕರಾರು ತೆಗೆಯಬಹುದು. ಎಷ್ಟೋ ವರ್ಷ ಯುಯುಐಡಿಯ ಬಗೆಗಳು 1ರಿಂದ 5ರವರೆಗೆ ಮಾತ್ರ ಇದ್ದವು. ಹಾಗಾಗಿ 13ನೇ ಅಕ್ಷರ 5ಕ್ಕಿಂತ ದೊಡ್ಡದಿದ್ದರೆ "ತಪ್ಪು ಐಡಿ" ಅನ್ನುವ ಕೋಡ್ ಅಲ್ಲಲ್ಲಿ ಇನ್ನೂ ಉಳಿದಿದೆ. ನಿಮ್ಮ ಕಡೆ ಎಲ್ಲ ಸರಿ ಇದ್ದರೂ, ಎದುರು ಕಂಪನಿಯ ಸರ್ವರ್ ನಿಮ್ಮ ವಿನಂತಿಯನ್ನು ವಾಪಸ್ ಕಳಿಸುತ್ತದೆ.

ಇನ್ನು ಗ್ರಾಹಕ ಸೇವೆಯವರ ಪರದೆ. ಪೂರ್ತಿ ಐಡಿ ಉದ್ದ ಅಂತ ಎಷ್ಟೋ ಆ್ಯಪ್‌ಗಳು ಮೊದಲ 8 ಅಕ್ಷರ ಮಾತ್ರ ತೋರಿಸುತ್ತವೆ. ವಿ4ರಲ್ಲಿ ಅದು ಲಾಟರಿ, ಪ್ರತಿ ಆರ್ಡರಿಗೂ ಬೇರೆ ಬೇರೆ. ವಿ7ರಲ್ಲಿ ಆ 8 ಅಕ್ಷರ ಹೊತ್ತಿನ ಮೇಲ್ಭಾಗ, ಬದಲಾಗುವುದು ಸುಮಾರು 65 ಸೆಕೆಂಡಿಗೊಮ್ಮೆ. ರಾತ್ರಿ ಎಂಟೂವರೆಗೆ ಊಟ ತರಿಸಿದ ಇನ್ನೂರು ಜನರ ಆರ್ಡರ್ ನಂಬರ್ ಪರದೆಯ ಮೇಲೆ ಒಂದೇ ಥರ ಕಾಣುತ್ತದೆ. ಇದಕ್ಕೆ ಡೇಟಾಬೇಸ್ ಮುಟ್ಟಬೇಕಿಲ್ಲ, ಮೊದಲ 8ರ ಬದಲು ಕೊನೆಯ 8 ತೋರಿಸಿದರೆ ಆಯಿತು.